ಟಾಪ್ ಗೇರಿನಲ್ಲಿ 45 ದಾಟಿದರೆ ಜೀಪು ನಡುಗುತ್ತದೆ: ಶಾಫ್ಟಿನ ತಿರುಚು ಕಂಪನದ ಬಗ್ಗೆ ತಿಳಿದವರು ಹೇಳಿ

ಅಡೂರಿನ ಜೀಪು
ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್ ಜೀಪು, ನಾಲ್ಕು ಗೇರಿನದು. ತೋಟದ ದಾರಿಯ ಹೊಂಡಗಳಲ್ಲಿ ಸೈಲೆನ್ಸರ್ ನೆಲಕ್ಕೆ ತಾಗುತ್ತದೆಂದು ಹಿಂದಿನ ಪ್ಲೇಟುಗಳಿಗೆ (ಸ್ಪ್ರಿಂಗ್ ಪಟ್ಟಿಗಳಿಗೆ) ಉದ್ದದ ಶ್ಯಾಕಲ್, ಅಂದರೆ ಅವನ್ನು ಚಾಸಿಗೆ ಸೇರಿಸುವ ಕೊಂಡಿ, ಹಾಕಿಸಿದೆ. ಎತ್ತರವೇನೋ ಸಿಕ್ಕಿತು. ಆದರೆ ಅಂದಿನಿಂದ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 45 ದಾಟಿದೊಡನೆ ನೆಲದ ತಗಡು, ಸೀಟು, ಗೇರ್ ಲಿವರ್ ಎಲ್ಲವೂ ನಡುಗುತ್ತವೆ. ಕಿವಿಗೆ ಗುಂಯ್ ಎನ್ನುವ ಒತ್ತಡ ಬೇರೆ. 55ರ ಮೇಲೆ ಸ್ವಲ್ಪ ತಗ್ಗುತ್ತದೆ. ಟಯರ್ ಬ್ಯಾಲೆನ್ಸ್ ಮಾಡಿಸಿದೆ, ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಮಂಗಳೂರಿಗೆ ಕಳುಹಿಸಿ ಅದನ್ನೂ ಬ್ಯಾಲೆನ್ಸ್ ಮಾಡಿಸಿದೆ, ಅದರ ಎರಡು ತುದಿಯ ಜಾಯಿಂಟುಗಳ ಕ್ರಾಸ್ ಎರಡೂ ಹೊಸತು. ಈಗ ಒಬ್ಬರು ಗೇರ್‌ಬಾಕ್ಸ್ ಮೌಂಟಿಂಗ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಡಿಫರೆನ್ಷಿಯಲ್ ಬಿಚ್ಚೋಣ ಎನ್ನುತ್ತಾರೆ. ವಿಚಿತ್ರವೆಂದರೆ ಹಿಂದೆ ಜನ ತುಂಬಿದ್ದರೆ ನಡುಕ ಇಲ್ಲವೆನ್ನುವಷ್ಟು ಕಡಿಮೆ. ದುಡ್ಡು ಇನ್ನಷ್ಟು ಸುರಿಯುವ ಮೊದಲು ಕೇಳುತ್ತಿದ್ದೇನೆ.

ಪೆರ್ಲದ ಗ್ಯಾರೇಜ್
ಬ್ಯಾಲೆನ್ಸಿಂಗಿಗೆಂದು ಶಾಫ್ಟ್ ಬಿಚ್ಚಿದ್ದಾರಲ್ಲ, ಮರಳಿ ಜೋಡಿಸುವಾಗ ಸ್ಲಿಪ್ ಜಾಯಿಂಟಿನ (ಶಾಫ್ಟ್ ಉದ್ದಕ್ಕೆ ಜಾರುವ ಜಾಗದ) ಬಾಣದ ಗುರುತುಗಳನ್ನು ಕೂಡಿಸಿದ್ದಾರೆಯೇ ನೋಡಿ. ಸ್ಪ್ಲೈನಿನ ಒಂದೆರಡು ಹಲ್ಲು ಆಚೀಚೆಯಾಗಿ ತುರುಕಿದರೆ ಎರಡು ತುದಿಯ ಯೋಕ್‌ಗಳ (ಕ್ರಾಸ್ ಹಿಡಿಯುವ ಕವೆಗಳ) ಕಿವಿಗಳು ಒಂದೇ ನೇರದಲ್ಲಿ ಇರುವುದಿಲ್ಲ. ಆಮೇಲೆ ಎಷ್ಟು ಕ್ರಾಸ್ ಬದಲಿಸಿದರೂ ಅಷ್ಟೇ. ಗುರುತು ಅಳಿಸಿಹೋಗಿದ್ದರೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಉಪ್ಪಳ ಟಿಪ್ಪರ್
ಸೆಂಟರ್ ಬೇರಿಂಗ್ ಹೋಗಿರಬೇಕು. ನಮ್ಮ ಗಾಡಿಯಲ್ಲಿ ಇದೇ ತರಹ ಆಗಿತ್ತು.

ಅಡೂರಿನ ಜೀಪು
ಗ್ಯಾರೇಜಿನ ಅಣ್ಣ, ಬಾಣಗಳು ಎದುರುಬದುರಾಗಿಯೇ ಇವೆ. ಟಿಪ್ಪರ್ ಅಣ್ಣ, ಜೀಪಿಗೆ ಒಂದೇ ತುಂಡಿನ ಶಾಫ್ಟ್. ಸೆಂಟರ್ ಬೇರಿಂಗ್ ಇಲ್ಲದ ಕಾರಣ ಹೋಗುವ ಪ್ರಶ್ನೆಯೂ ಇಲ್ಲ.

ಬಾಯಾರು ಟೆಸ್ಟ್ ಬೆಂಚ್
ಪುಣೆಯಲ್ಲಿ ಗೇರ್‌ಬಾಕ್ಸ್ ಮತ್ತು ಶಾಫ್ಟುಗಳ ಪರೀಕ್ಷೆಯೇ ನನ್ನ ಕೆಲಸ. ಏನನ್ನೂ ಬಿಚ್ಚುವ ಮೊದಲು ಒಂದು ಪ್ರಯೋಗ ಮಾಡಿ. ಅದೇ ವೇಗದಲ್ಲಿ, ಅದೇ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ ಓಡಿಸಿ.

ಕಾರಣ ಹೇಳುತ್ತೇನೆ. ನಾಲ್ಕು ಸ್ಟ್ರೋಕಿನ ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಉರಿಯುತ್ತದೆ. ಅಂದರೆ ಅದರ ಮುಖ್ಯ ತಿರುಚು ಬಡಿತ ಕ್ರ್ಯಾಂಕಿನ ಸುತ್ತಿಗೆ ಎರಡು. ಇದನ್ನು ಎರಡನೇ ಆರ್ಡರ್ ಎನ್ನುತ್ತೇವೆ. ಕ್ರಾಸ್ ಇರುವ ಜಾಯಿಂಟು ಓರೆಯಾಗಿ ತಿರುಗಿದರೆ ಅದೂ ಶಾಫ್ಟಿನ ಒಂದು ಸುತ್ತಿಗೆ ಎರಡು ಬಾರಿ ವೇಗ ಹೆಚ್ಚಿಸಿ ತಗ್ಗಿಸುತ್ತದೆ. ನಿಮ್ಮ ಟಾಪ್ ಗೇರಿನ ಅನುಪಾತ ಒಂದಕ್ಕೆ ಒಂದು. ಎಂಜಿನ್ ಮತ್ತು ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಟಾಪ್‌ನಲ್ಲಿ ಇಬ್ಬರು ಕಳ್ಳರೂ ಒಂದೇ ಹೆಜ್ಜೆ ಹಾಕುತ್ತಾರೆ. ಎಷ್ಟು ದುಬಾರಿ ಸಂವೇದಕ ಅಂಟಿಸಿದರೂ ಆವೃತ್ತಿಯೊಂದನ್ನೇ ನೋಡಿ ಅವರನ್ನು ಬೇರ್ಪಡಿಸಲಾಗದು. ಮೂರನೇ ಗೇರಿಗೆ ಇಳಿಸಿದರೆ ಎಂಜಿನ್ ವೇಗ ಏರುತ್ತದೆ, ಶಾಫ್ಟಿನದು ಹಾಗೆಯೇ ಉಳಿಯುತ್ತದೆ. ನಡುಕ ಅದೇ 45ಕ್ಕೆ ಬಂದರೆ ಎಂಜಿನ್, ಫ್ಲೈವೀಲ್, ಕ್ಲಚ್ ಮೂವರನ್ನೂ ಬಿಟ್ಟುಬಿಡಿ.

ಅಡೂರಿನ ಜೀಪು
ಮಾಡಿ ನೋಡಿದೆ. ಮೂರನೇ ಗೇರಿನಲ್ಲೂ ಸರಿಯಾಗಿ ಅದೇ ವೇಗಕ್ಕೆ ಬರುತ್ತದೆ. ಕ್ಲಚ್ ಒತ್ತಿ ಗಾಡಿಯನ್ನು ಹಾಗೆಯೇ ಉರುಳಲು ಬಿಟ್ಟರೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಬಾಯಾರು ಟೆಸ್ಟ್ ಬೆಂಚ್
ಹಾಗಾದರೆ ಶಾಫ್ಟಿನ ಕೋನ. ಬ್ಯಾಲೆನ್ಸ್ ದೋಷವಿದ್ದರೆ ಶಾಫ್ಟಿನ ಸುತ್ತಿಗೆ ಒಂದೇ ಬಡಿತ ಬರುತ್ತದೆ, ಜನ ತುಂಬಿದ ಮಾತ್ರಕ್ಕೆ ಅದು ಮಾಯವಾಗದು. ಭಾರ ಹೇರಿದಾಗ ಬದಲಾಗುವುದು ಶಾಫ್ಟಿನ ಓರೆ ಮಾತ್ರ.

ಮೊಬೈಲಿನ ಕೋನಮಾಪಕದಿಂದ ಮೂರು ಕಡೆ ಅಳೆಯಿರಿ: ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಹಿಂದಿನ ಪೆಟ್ಟಿಗೆಯ) ಹಿಂದಿನ ಫ್ಲ್ಯಾಂಜ್, ಶಾಫ್ಟಿನ ಕೊಳವೆ, ಡಿಫರೆನ್ಷಿಯಲಿನ ಪಿನಿಯನ್ (ಶಾಫ್ಟ್ ತಿರುಗಿಸುವ ಸಣ್ಣ ಗೇರು) ಫ್ಲ್ಯಾಂಜ್. ನಮಗೆ ಬೇಕಾದದ್ದು ವ್ಯತ್ಯಾಸ. ಹಾಗಾಗಿ ಮೊಬೈಲಿನ ಸೊನ್ನೆ ಸ್ವಲ್ಪ ತಪ್ಪಿದ್ದರೂ, ಅಂಗಳ ಸ್ವಲ್ಪ ಇಳಿಜಾರಾಗಿದ್ದರೂ ನಡೆಯುತ್ತದೆ. ಜ್ಯಾಕ್ ಕೊಟ್ಟು ಚಕ್ರ ಎತ್ತಬೇಡಿ. ಗಾಡಿ ತನ್ನ ಪ್ಲೇಟುಗಳ ಮೇಲೆ ನಿಂತಿರಲಿ. ಖಾಲಿ ಇರುವಾಗ ಒಮ್ಮೆ, ಭಾರ ಇಟ್ಟು ಒಮ್ಮೆ. ಮೇಲಿನಿಂದ ನೋಡಿದಾಗಲೂ ಶಾಫ್ಟ್ ಪಕ್ಕಕ್ಕೆ ಓರೆಯಾಗಿದ್ದರೆ ತಿಳಿಸಿ, ಆ ಕೋನವನ್ನೂ ಸೇರಿಸಬೇಕಾಗುತ್ತದೆ.

ನೀರ್ಚಾಲಿನ ಮಾಸ್ತರ್
ನಿವೃತ್ತ ಭೌತಶಾಸ್ತ್ರ ಶಿಕ್ಷಕ, ಗಾಡಿಯ ವಿಷಯದಲ್ಲಿ ಶುದ್ಧ ಪ್ರಯಾಣಿಕ. ಎರಡು ಪ್ರಶ್ನೆಗಳಿವೆ. ಏಕರೀತಿಯ ವೇಗದಲ್ಲಿ ತಿರುಗಿಸಿದರೂ ಜಾಯಿಂಟಿನ ಆಚೆ ಬದಿ ಏರಿಳಿಯುವುದು ಎಷ್ಟು? ಎರಡನೆಯದು, ತಿರುಚುವಿಕೆ ಶಾಫ್ಟಿನ ಒಳಗಿನ ಸಂಗತಿ. ಅದು ನನ್ನ ಸೀಟಿಗೆ ಹೇಗೆ ಬರುತ್ತದೆ?

ಬಾಯಾರು ಟೆಸ್ಟ್ ಬೆಂಚ್
ಮಾಸ್ತರರೇ, ಕೋನ β ಆದರೆ ಆಚೆ ಬದಿಯ ವೇಗ ಈಚೆಯ ವೇಗದ cos β ಪಟ್ಟಿನಿಂದ 1/cos β ಪಟ್ಟಿನ ನಡುವೆ ಓಲಾಡುತ್ತದೆ. 9 ಡಿಗ್ರಿಗೆ ಅದು ಶೇ 1.2ರಷ್ಟು ಮೇಲೆ ಮತ್ತು ಕೆಳಗೆ. ಕೇಳಲು ಸಣ್ಣದು. ಆದರೆ ಇದು ಬಲವಂತದ ಚಲನೆ; ಎಷ್ಟು ಟಾರ್ಕ್ ಬೇಕಾದರೂ ವ್ಯಯಿಸಿ ಜಾಯಿಂಟು ತನ್ನ ಜ್ಯಾಮಿತಿಯನ್ನು ನಡೆಸಿಯೇ ತೀರುತ್ತದೆ. ಕ್ಲಚ್ ಒತ್ತಿದರೂ ನಡುಕ ಪೂರ್ತಿ ನಿಲ್ಲದಿರುವುದಕ್ಕೆ ಇದೇ ಕಾರಣ.

ಎರಡನೆಯದಕ್ಕೆ ಉತ್ತರ: ತಿರುಚು ಟಾರ್ಕಿಗೆ ಪ್ರತಿಕ್ರಿಯೆ ಎಲ್ಲಾದರೂ ಬೀಳಲೇಬೇಕು. ಗೇರ್‌ಬಾಕ್ಸ್ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ಹೊರಳುತ್ತದೆ. ಹಿಂದಿನ ಆಕ್ಸಲಿನ ಹೌಸಿಂಗ್ ತನ್ನ ಪ್ಲೇಟುಗಳನ್ನು ತಿರುಚಿ ಮೂಗು ಎತ್ತಿ ಇಳಿಸುತ್ತದೆ. ಟಯರ್ ನೆಲವನ್ನು ಹಿಂದೆ ತಳ್ಳುವ ಬಲವೂ ಏರಿಳಿಯುತ್ತದೆ. ಅದಲ್ಲದೆ ಓರೆಯಲ್ಲಿ ಟಾರ್ಕ್ ಸಾಗಿಸುವ ಜಾಯಿಂಟು ಶಾಫ್ಟನ್ನು ಬಾಗಿಸಲು ನೋಡುತ್ತದೆ; ಆ ಪಾಲು ಎಕ್ಸಲರೇಟರ್ ಬಿಟ್ಟೊಡನೆ ಇಳಿಯುತ್ತದೆ. ಜೀಪಿನ ನೆಲದ ತಗಡಂತೂ ಸ್ಪೀಕರಿನ ಕೆಲಸ ಮಾಡಲು ಕಾದಿರುತ್ತದೆ.

ನೀರ್ಚಾಲಿನ ಮಾಸ್ತರ್
ಸರಿ. ಈ ಜಾಯಿಂಟಿಗೆ ರಾಬರ್ಟ್ ಹುಕ್‌ನ ಹೆಸರಿದೆ. ಸ್ಪ್ರಿಂಗಿನ ನಿಯಮ ಕೊಟ್ಟವನೂ ಅವನೇ. ರೋಗವೂ ಲೆಕ್ಕವೂ ಒಬ್ಬನದೇ ಎಂದಾಯಿತು.

ಅಡೂರಿನ ಜೀಪು
ಅಳೆದೆ. ಖಾಲಿ ಗಾಡಿಯಲ್ಲಿ ಮುಂದಿನ ಜಾಯಿಂಟಿನ ಕೋನ 9 ಡಿಗ್ರಿ, ಹಿಂದಿನದು 3. ಜನರ ಬದಲು ಅಡಿಕೆ ಮೂಟೆ ಹೇರಿ ನೋಡಿದರೆ ಮುಂದೆ 6, ಹಿಂದೆ ಹೆಚ್ಚುಕಡಿಮೆ ಸೊನ್ನೆ. ಪಕ್ಕದ ಓರೆ ಕಣ್ಣಿಗೆ ಕಾಣುವಷ್ಟಿಲ್ಲ.

ಪೊವ್ವಲ್ ಮೆಕ್ಯಾನಿಕಲ್
ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಲೆಕ್ಕ ಹಾಕಿದೆ, ತಪ್ಪಿದ್ದರೆ ತಿದ್ದಿ.

ಚಕ್ರದ ತ್ರಿಜ್ಯ 0.35 ಮೀಟರ್, ಆಕ್ಸಲ್ ಅನುಪಾತ 4.3 ಎಂದು ಹಿಡಿದಿದ್ದೇನೆ. 45 ಕಿ.ಮೀ. ವೇಗಕ್ಕೆ ಚಕ್ರ ಸೆಕೆಂಡಿಗೆ 5.7 ಸುತ್ತು, ಶಾಫ್ಟ್ 24.4 ಸುತ್ತು, ಅಂದರೆ 1467 ಆರ್‌ಪಿಎಂ. ಸುತ್ತಿಗೆ ಎರಡು ಬಡಿತವಾದರೆ 49 ಹರ್ಟ್ಜ್. ಟಾಪ್‌ನಲ್ಲಿ ಎಂಜಿನ್ ಉರಿಯುವ ಬಡಿತವೂ 49. ಮೂರನೇ ಗೇರಿನ ಅನುಪಾತ 1.5 ಎಂದಾದರೆ ಎಂಜಿನ್ನಿನದು 73ಕ್ಕೆ ಹೋಗುತ್ತದೆ.

ಯೋಕ್‌ಗಳು ನೇರವಾಗಿರುವ ಶಾಫ್ಟಿನಲ್ಲಿ ಒಂದು ಜಾಯಿಂಟು ಕೆಡಿಸಿದ್ದನ್ನು ಇನ್ನೊಂದು ಸರಿಪಡಿಸುತ್ತದೆ. ಕೋನಗಳು ಸಮವಿಲ್ಲದಿದ್ದರೆ ಉಳಿಯುವ ಕೋನ ಅವುಗಳ ವರ್ಗಗಳ ವ್ಯತ್ಯಾಸದ ವರ್ಗಮೂಲ. ಖಾಲಿ ಗಾಡಿಗೆ 81ರಲ್ಲಿ 9 ಕಳೆದು ವರ್ಗಮೂಲ ತೆಗೆದರೆ 8.5 ಡಿಗ್ರಿ. ಈ ಕೋನವನ್ನು ರೇಡಿಯನ್‌ಗೆ ತಂದು ವರ್ಗ ಮಾಡಿ ಶಾಫ್ಟಿನ ಕೋನೀಯ ವೇಗದ ವರ್ಗದಿಂದ ಗುಣಿಸಿದರೆ ಪಿನಿಯನ್‌ಗೆ ಬೀಳುವ ಕೋನೀಯ ವೇಗೋತ್ಕರ್ಷ: ಸೆಕೆಂಡ್ ವರ್ಗಕ್ಕೆ ಸುಮಾರು 520 ರೇಡಿಯನ್. ಭಾರ ಇದ್ದಾಗ ಉಳಿಯುವ ಕೋನ 6, ವೇಗೋತ್ಕರ್ಷ 260.

ಬಾಯಾರು ಟೆಸ್ಟ್ ಬೆಂಚ್
ತಿದ್ದುವಂಥದ್ದು ಏನಿಲ್ಲ. 300ರಿಂದ 400ರ ಒಳಗೆ ಇರಬೇಕೆಂಬುದು ಶಾಫ್ಟ್ ತಯಾರಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. ಖಾಲಿ ಗಾಡಿ ಅದನ್ನು ದಾಟಿದೆ, ತುಂಬಿದ ಗಾಡಿ ಒಳಗಿದೆ. ವೇಗ ಹೆಚ್ಚಿದಂತೆ ಈ ಸಂಖ್ಯೆ ಏರುತ್ತಲೇ ಹೋಗುತ್ತದೆ, ಆದರೂ 55ರ ಮೇಲೆ ನಡುಕ ತಗ್ಗುತ್ತದೆಂದರೆ 50 ಹರ್ಟ್ಜ್ ಆಸುಪಾಸಿನಲ್ಲಿ ಹೌಸಿಂಗ್ ಅಥವಾ ಮೌಂಟಿಂಗಿನ ಅನುರಣನೆ (ಬಡಿತವು ಅದರ ಸಹಜ ಕಂಪನಕ್ಕೆ ಕೂಡಿ ಹಿಗ್ಗುವುದು) ಇದೆ. ಮೌಂಟಿಂಗ್ ಬದಲಿಸಿ ಎಂದವರು ಪೂರ್ತಿ ಹುರುಳಿಲ್ಲದ್ದನ್ನು ಹೇಳಿಲ್ಲ. ರಬ್ಬರ್ ಬದಲಾದರೆ ನಡುಕ 45ರಿಂದ 52ಕ್ಕೆ ಹೋಗಿ ಕುಳಿತುಕೊಳ್ಳಬಹುದಿತ್ತು. ಬಡಿತ ಎಲ್ಲಿಂದ ಹುಟ್ಟುತ್ತದೋ ಅದು ಅಲ್ಲೇ ಉಳಿಯುತ್ತಿತ್ತು.

ಪೆರ್ಲದ ಗ್ಯಾರೇಜ್
ಇಷ್ಟೆಲ್ಲ ವರ್ಗಮೂಲ ಇಲ್ಲದೆಯೂ ನಾನು ಹೇಳಬಹುದಿತ್ತು, ಶ್ಯಾಕಲ್ ಉದ್ದವಾದಾಗ ಹೌಸಿಂಗ್ ತಿರುಗಿ ಪಿನಿಯನ್ ಮೂಗು ಮೇಲೆತ್ತುತ್ತದೆ ಎಂದು. ಮುಂದಿನ ಕೋನ ಹೆಚ್ಚಾಯಿತು, ಹಿಂದಿನದು ಕಡಿಮೆಯಾಯಿತು. ಪ್ಲೇಟಿಗೂ ಹೌಸಿಂಗಿಗೂ ನಡುವೆ 6 ಡಿಗ್ರಿಯ ಕಬ್ಬಿಣದ ಬೆಣೆ ಕೊಟ್ಟು ಮೂಗು ಇಳಿಸಿದರೆ ಎರಡೂ 9 ಆಗುತ್ತದೆ. ಸಮವಾದರೆ ಸಾಕಲ್ಲ?

ಪೊವ್ವಲ್ ಮೆಕ್ಯಾನಿಕಲ್
ಪಿನಿಯನ್ ಲೆಕ್ಕಕ್ಕೆ ಸಾಕು ಅಣ್ಣ. ಆದರೆ ಸರಿಪಡಿಸುವ ಕೆಲಸ ನಡೆಯುವುದು ಹಿಂದಿನ ಜಾಯಿಂಟಿನಲ್ಲಿ. ನಡುವಿನ ಕೊಳವೆ 9 ಡಿಗ್ರಿಯ ಪೂರ್ತಿ ಏರಿಳಿತದಲ್ಲೇ ತಿರುಗುತ್ತದೆ. ಆ ಕೊಳವೆಗೆ ಮಾತ್ರ ಲೆಕ್ಕ ಹಾಕಿದರೆ 580 ಬರುತ್ತದೆ.

ಬಾಯಾರು ಟೆಸ್ಟ್ ಬೆಂಚ್
ಅದೇ. ಕೊಳವೆಯ ಜಡತ್ವ ಸಣ್ಣದು, ಹಾಗಾಗಿ ಅದಕ್ಕೆ ಇನ್ನೂ ಹೆಚ್ಚಿನ ಮಿತಿ ಕೊಡುತ್ತಾರೆ. ಬೆಣೆಯಿಂದ ನಡುಕ ಖಂಡಿತ ಇಳಿಯುತ್ತದೆ, ಆದರೆ ಕ್ರಾಸಿನ ಸೂಜಿ ಬೇರಿಂಗ್‌ಗಳು ಆ ಕೋನಕ್ಕೆ ಬೇಗ ಸವೆಯುತ್ತವೆ. ನನ್ನನ್ನು ಕೇಳಿದರೆ ಶ್ಯಾಕಲ್ ಕಡಿಮೆ ಮಾಡಿ, ಸೈಲೆನ್ಸರನ್ನು ಮೇಲಕ್ಕೆ ಕಟ್ಟಿ. ಹೊಂಡಕ್ಕೆ ತಾಗುತ್ತಿದ್ದುದು ಸೈಲೆನ್ಸರ್, ಗಾಡಿಯನ್ನೇ ಎತ್ತಬೇಕಾಗಿರಲಿಲ್ಲ.

ಪೊವ್ವಲ್ ಮೆಕ್ಯಾನಿಕಲ್
ಈ ಚರ್ಚೆಯಿಂದ ಕೊನೆಯ ವರ್ಷದ ಪ್ರಾಜೆಕ್ಟಿಗೆ ದಾರಿ ಸಿಕ್ಕಿತು. ಇಡೀ ಡ್ರೈವ್‌ಲೈನಿನ ತಿರುಚು ಮಾದರಿ ಮಾಡಬೇಕೆಂದಿದ್ದೇನೆ. ಸಾಫ್ಟ್‌ವೇರಿನಲ್ಲಿ ಪ್ರತಿ ಗೇರು, ಪ್ರತಿ ಬೇರಿಂಗ್ ಹಾಕಬಹುದು. ಎಷ್ಟು ವಿವರ ಬೇಕು?

ಬಾಯಾರು ಟೆಸ್ಟ್ ಬೆಂಚ್
ನಾಲ್ಕು ಜಡತ್ವ ಸಾಕು: ಎಂಜಿನ್ ಜೊತೆ ಫ್ಲೈವೀಲ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಜೊತೆ ಚಕ್ರ, ಕೊನೆಗೆ ಗಾಡಿ. ನಡುವೆ ಮೂರು ತಿರುಚು ಸ್ಪ್ರಿಂಗು: ಕ್ಲಚ್ ಪ್ಲೇಟಿನವು, ಶಾಫ್ಟುಗಳು, ಟಯರ್. ಗಾಡಿಯ ತೂಕ ಚಕ್ರದ ಬಳಿ ತೂಕ ಗುಣಿಸು ತ್ರಿಜ್ಯದ ವರ್ಗವಾಗಿ ಕಾಣುತ್ತದೆ. ಗೇರ್ ದಾಟಿ ಆಚೆಗೆ ಒಯ್ಯುವಾಗ ಜಡತ್ವವನ್ನೂ ಬಿಗಿತವನ್ನೂ ಅನುಪಾತದ ವರ್ಗದಿಂದ ಗುಣಿಸಬೇಕು. ವಿದ್ಯಾರ್ಥಿಗಳು ಮರೆಯುವುದು ಇದನ್ನೇ.

ಮೊದಲ ಅಂದಾಜಿಗೆ ಎರಡೇ ಜಡತ್ವ ಇಟ್ಟುಕೊಂಡು ನೋಡಿ. ಎಂಜಿನ್ ಬದಿ 0.25 ಕೆ.ಜಿ. ಮೀಟರ್ ವರ್ಗ, ಗಾಡಿ 1600 ಕೆ.ಜಿ., ಎರಡನೇ ಗೇರಿನ ಒಟ್ಟು ಅನುಪಾತ 10 ಎಂದುಕೊಳ್ಳೋಣ. ಚಕ್ರದ ಬಳಿ ಎಂಜಿನ್ 25 ಆಗಿ ಕಾಣುತ್ತದೆ, ಗಾಡಿ 196. ಆಕ್ಸಲ್, ಶಾಫ್ಟ್, ಟಯರ್, ಕ್ಲಚ್ ಎಲ್ಲ ಸೇರಿದ ಬಿಗಿತ ರೇಡಿಯನ್‌ಗೆ 10,000 ನ್ಯೂಟನ್ ಮೀಟರ್ ಎಂದಾದರೆ ಸಹಜ ಆವೃತ್ತಿ 3.4 ಹರ್ಟ್ಜ್. ಒಮ್ಮೆಲೇ ಎಕ್ಸಲರೇಟರ್ ಒತ್ತಿದಾಗ ಗಾಡಿ ಹಿಂದೆ ಮುಂದೆ ಜಗ್ಗುತ್ತದಲ್ಲ, ಅದು ಇದೇ. ಟಾಪ್ ಗೇರಿನಲ್ಲಿ ಎಂಜಿನ್ 25ರ ಬದಲು ಐದಕ್ಕಿಂತ ಕಡಿಮೆಯಾಗಿ ಕಾಣುವುದರಿಂದ, ಬಿಗಿತ ಅಷ್ಟೇ ಎಂದಿಟ್ಟರೆ, ಏಳೂವರೆಗೆ ಏರುತ್ತದೆ.

ಅದರ ಮೇಲಿನದು ಗೇರ್‌ಬಾಕ್ಸಿನ ಕಂಪನ. ಗೇರ್‌ಬಾಕ್ಸಿನ ಜಡತ್ವ 0.012, ಎರಡೂ ಬದಿಯ ಸ್ಪ್ರಿಂಗು ಸೇರಿ 2000 ಎಂದಿಟ್ಟರೆ 65 ಹರ್ಟ್ಜ್. ನಾಲ್ಕು ಸಿಲಿಂಡರಿಗೆ ಅದು 1950 ಆರ್‌ಪಿಎಂ. ಏರಿನಲ್ಲಿ ಟಾಪ್ ಗೇರಿನಲ್ಲೇ ಎಳೆಯುವವರಿಗೆ ಗೇರ್‌ಬಾಕ್ಸಿನಿಂದ ಗರಗರ ಕೇಳುವುದು ಈ ಸುಮಾರಿನ ವೇಗಗಳಲ್ಲೇ. ಭಾರ ಹೊರದ ಗೇರುಗಳು ತಮ್ಮ ಪ್ಲೇ (ಹಲ್ಲುಗಳ ನಡುವಿನ ಸಡಿಲ) ಒಳಗೆ ಆಚೀಚೆ ಬಡಿದುಕೊಳ್ಳುತ್ತವೆ. ಈ ಸಂಖ್ಯೆಗಳು ಅಂದಾಜಿನವು. ನಿಮ್ಮ ಗಾಡಿಯವನ್ನು ನೀವೇ ಅಳೆಯಬೇಕು.

ನೀರ್ಚಾಲಿನ ಮಾಸ್ತರ್
ನಾಲ್ಕು ಜಡತ್ವದ ಆವೃತ್ತಿಗಳನ್ನು ಕೈಯಲ್ಲೇ ತೆಗೆಯುವ ಹೋಲ್ಜರನ ಕೋಷ್ಟಕ 1921ರಿಂದಲೂ ಇದೆ. ಒಂದು ಆವೃತ್ತಿಯನ್ನು ಊಹಿಸಿ, ಮೊದಲ ಚಕ್ರಕ್ಕೆ ಒಂದು ರೇಡಿಯನ್ ತಿರುವು ಕೊಟ್ಟು, ಒಂದೊಂದೇ ಸ್ಪ್ರಿಂಗು ದಾಟುತ್ತ ಕೊನೆಗೆ ಬರುವುದು. ಕೊನೆಯಲ್ಲಿ ಟಾರ್ಕ್ ಉಳಿಯದಿದ್ದರೆ ಊಹೆ ಸರಿ. ಸಾಫ್ಟ್‌ವೇರ್ ತೆರೆಯುವ ಮೊದಲು ಒಮ್ಮೆ ಕಾಗದದಲ್ಲಿ ಮಾಡು ಮಗು, ಯಾವ ತುಂಡು ಯಾವ ಕಂಪನದಲ್ಲಿ ನಿಂತಿರುತ್ತದೆ, ಯಾವುದು ಓಡಾಡುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಪೆರ್ಲದ ಗ್ಯಾರೇಜ್
ಲೆಕ್ಕದಲ್ಲಿ ಪ್ಲೇ ಎಲ್ಲಿದೆ? ನನ್ನ ಬಳಿ ಬರುವ ಗಾಡಿಗಳಲ್ಲಿ ಕ್ಲಚ್ಚಿನಿಂದ ಚಕ್ರದವರೆಗೆ ಎಲ್ಲವೂ ಅಲ್ಲಾಡುತ್ತದೆ.

ಬಾಯಾರು ಟೆಸ್ಟ್ ಬೆಂಚ್
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಸರಳ ಮಾದರಿಯಲ್ಲಿ ಪ್ಲೇ ಇಲ್ಲ, ಹಾಗಾಗಿ ಎಕ್ಸಲರೇಟರ್ ಬಿಟ್ಟು ಒತ್ತಿದಾಗ ಬರುವ ಟಣ್ ಶಬ್ದವನ್ನು ಅದು ಹೇಳಲಾರದು. ಅದಕ್ಕೆ ಸ್ಪ್ರಿಂಗಿನ ನಡುವೆ ಟಾರ್ಕೇ ಇಲ್ಲದ ಒಂದು ಖಾಲಿ ಪಟ್ಟಿ ಇಟ್ಟು ಕಾಲಾನುಕ್ರಮದಲ್ಲಿ ಬಿಡಿಸಬೇಕು. ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳೂ ಹಾಗೆ, ಮೊದಲ ಕೆಲವು ಡಿಗ್ರಿ ಮೆತ್ತಗೆ, ಆಮೇಲೆ ಬಿಗಿ. ಅನುರಣನೆಯ ಆವೃತ್ತಿಯನ್ನು ಮಾದರಿ ಚೆನ್ನಾಗಿ ಹೇಳುತ್ತದೆ. ನಡುಕ ಎಷ್ಟು ಜೋರು ಎಂಬುದು ಡ್ಯಾಂಪಿಂಗ್ (ಕಂಪನವನ್ನು ನುಂಗುವ ಗುಣ) ಮೇಲೆ ನಿಂತಿದೆ, ಅದನ್ನು ಅಳೆಯದೆ ಹೇಳುವವರನ್ನು ನಂಬಬೇಡಿ.

ಪೊವ್ವಲ್ ಮೆಕ್ಯಾನಿಕಲ್
ಅಳೆಯುವುದು ಹೇಗೆ? ಮೊಬೈಲಿನ ಕಂಪನಮಾಪಕ ಸಾಕೇ? ಲೇಸರ್ ಉಪಕರಣವೆಲ್ಲ ನಮ್ಮ ಕೈಗೆಟುಕದು.

ಬಾಯಾರು ಟೆಸ್ಟ್ ಬೆಂಚ್
ಮೊಬೈಲ್ ಅಳೆಯುವುದು ನೆಲದ ನಡುಕವನ್ನು, ಶಾಫ್ಟಿನ ತಿರುಚನ್ನಲ್ಲ. ಸೆಕೆಂಡಿಗೆ 100 ಮಾದರಿ ತೆಗೆಯುವ ಆ್ಯಪ್ ಆದರೆ 50 ಹರ್ಟ್ಜ್‌ಗಿಂತ ಮೇಲಿನದನ್ನು ಸುಳ್ಳು ಆವೃತ್ತಿಯಾಗಿ ತೋರಿಸುತ್ತದೆ. ಈ ಜೀಪಿನ 49 ಸರಿಯಾಗಿ ಅಂಚಿನಲ್ಲಿದೆ.

ತಿರುಚಿಗೆ ಅಗ್ಗದ ದಾರಿ ಹಲ್ಲು ಎಣಿಸುವುದು. ಫ್ಲೈವೀಲಿನ ರಿಂಗ್ ಗೇರಿನ ಎದುರು ಮ್ಯಾಗ್ನೆಟಿಕ್ ಪಿಕಪ್ ಇಟ್ಟು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹಿಡಿದ ಸಮಯವನ್ನು ಮೈಕ್ರೊಕಂಟ್ರೋಲರಿನಲ್ಲಿ ದಾಖಲಿಸಿ. 115 ಹಲ್ಲು, 1500 ಆರ್‌ಪಿಎಂ ಎಂದಾದರೆ ಸೆಕೆಂಡಿಗೆ 2875 ಹಲ್ಲು. 16 ಮೆಗಾಹರ್ಟ್ಜ್ ಗಡಿಯಾರ ಒಂದು ಹಲ್ಲಿಗೆ 5500ಕ್ಕೂ ಹೆಚ್ಚು ಎಣಿಸುತ್ತದೆ. ನಿಮ್ಮ ಕೆಲಸಕ್ಕೆ ಆ ಸೂಕ್ಷ್ಮತೆ ಧಾರಾಳ. ಪಿನಿಯನ್ ಫ್ಲ್ಯಾಂಜಿಗೆ ಕಪ್ಪುಬಿಳಿ ಪಟ್ಟೆಯ ಟೇಪು ಸುತ್ತಿ ಅಲ್ಲೂ ಎಣಿಸಿ. ಟೇಪಿನ ತುದಿಗಳು ಕೂಡುವಲ್ಲಿ ಒಂದು ಪಟ್ಟೆ ದಪ್ಪಗಾದರೂ ಸುತ್ತಿಗೊಂದು ಸುಳ್ಳು ಬಡಿತ ಬರುತ್ತದೆಂಬುದು ನೆನಪಿರಲಿ. ಟಾರ್ಕ್ ಬೇಕೆಂದರೆ ಶಾಫ್ಟಿಗೆ 45 ಡಿಗ್ರಿ ಓರೆಯಲ್ಲಿ ಸ್ಟ್ರೇನ್ ಗೇಜ್ ಅಂಟಿಸಬೇಕು, ಅದು ಎರಡನೇ ಹಂತ.

ಆಮೇಲೆ ಒಂದೇ ಗೇರಿನಲ್ಲಿ ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಎಳೆಯುತ್ತ ದಾಖಲಿಸಿ. ಅಡ್ಡಕ್ಕೆ ಆರ್‌ಪಿಎಂ, ಲಂಬಕ್ಕೆ ಆವೃತ್ತಿ ಇಟ್ಟು ಚಿತ್ರಿಸಿದರೆ ಆರ್ಡರುಗಳು ಓರೆ ಗೆರೆಗಳಾಗಿಯೂ ಅನುರಣನೆಗಳು ಅಡ್ಡ ಗೆರೆಗಳಾಗಿಯೂ ಕಾಣುತ್ತವೆ. ಎರಡು ಗೆರೆ ಕೂಡುವಲ್ಲಿ ನೋಡಿ.

ಪೆರ್ಲದ ಗ್ಯಾರೇಜ್
ಹಳೆಯ ಎಂಜಿನ್ನಿನ ರಿಂಗ್ ಗೇರನ್ನು ಯಾರಾದರೂ ಕಣ್ಣಾರೆ ನೋಡಿದ್ದೀರಾ? ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಕಂಪ್ರೆಶನ್ನಿಗೆ ಸಿಕ್ಕಿ ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ಸ್ಟಾರ್ಟರ್ ಪ್ರತಿ ಸಲ ಅಲ್ಲಿನ ಹಲ್ಲುಗಳನ್ನೇ ಕಡಿಯುತ್ತದೆ. ಸವೆದ ಹಲ್ಲು ಸುತ್ತಿಗೆ ಎರಡು ಕಡೆ. ನಿಮ್ಮ ಎರಡನೇ ಆರ್ಡರಿನಲ್ಲಿ ಅದು ಸೇರಿಕೊಳ್ಳುವುದಿಲ್ಲವೇ?

ಬಾಯಾರು ಟೆಸ್ಟ್ ಬೆಂಚ್
ಸೇರಿಕೊಳ್ಳುತ್ತದೆ, ಅದೂ ನಾವು ಹುಡುಕುತ್ತಿರುವ ಬಡಿತದ ವೇಷದಲ್ಲೇ. ಎಷ್ಟು ಸುತ್ತುಗಳ ಸರಾಸರಿ ತೆಗೆದರೂ ಹೋಗದು, ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬರುತ್ತದಲ್ಲ. ಪೊವ್ವಲಿನವರೇ, ಅಣ್ಣನ ಮಾತು ಬರೆದಿಟ್ಟುಕೊಳ್ಳಿ. ಕ್ರ್ಯಾಂಕ್ ಪುಲ್ಲಿಯ ಬದಿಗೆ ಹೊಸದಾಗಿ ಕೊರೆದ ಹಲ್ಲಿನ ಚಕ್ರವೊಂದನ್ನು ಕೂರಿಸಿ ಎರಡನ್ನೂ ಹೋಲಿಸಿ, ಅಥವಾ ರಿಂಗ್ ಗೇರನ್ನೇ ಹೊಸದು ಹಾಕಿಸಿ. ಎಂಜಿನ್ ಆಫ್ ಮಾಡಿ ತಿರುಗಲು ಬಿಟ್ಟು ಸರಿಹೊಂದಿಸುತ್ತೇನೆ ಎಂದುಕೊಳ್ಳಬೇಡಿ. ಕಂಪ್ರೆಶನ್ ಆಗಲೂ ಸುತ್ತಿಗೆ ಎರಡು ಬಾರಿ ಎಳೆಯುತ್ತಿರುತ್ತದೆ.

ಕುಂಬಳೆ ಇ-ಆಟೋ
ಎಂಜಿನ್ನೇ ಇಲ್ಲದ ನನ್ನ ಆಟೋದಲ್ಲೂ ಬ್ರೇಕ್ ಹಿಡಿದು ಬಿಡುವಾಗ ಟಕ್ ಎಂದು ಬಡಿಯುತ್ತದೆ. ಉರಿಯುವ ಬಡಿತ ಎಲ್ಲಿಂದ ಬಂತು?

ಬಾಯಾರು ಟೆಸ್ಟ್ ಬೆಂಚ್
ಉರಿಯುವುದಲ್ಲ, ಪ್ಲೇ ದಾಟುವುದು. ವೇಗ ಇಳಿಯುವಾಗ ಮೋಟರ್ ಜನರೇಟರ್ ಆಗಿ ಹಿಂದಕ್ಕೆ ಎಳೆಯುತ್ತದೆ, ಮತ್ತೆ ಒತ್ತಿದಾಗ ಮುಂದಕ್ಕೆ. ಪ್ರತಿ ಬದಲಾವಣೆಗೂ ಗೇರಿನ ಹಲ್ಲು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಜಾರಿಕೊಡುವ ಕ್ಲಚ್ ಇಲ್ಲ, ಮೆತ್ತನೆಯ ಸ್ಪ್ರಿಂಗೂ ಇಲ್ಲ. ಒಳ್ಳೆಯ ಕಂಟ್ರೋಲರ್ ಆ ಕ್ಷಣದಲ್ಲಿ ಟಾರ್ಕನ್ನು ನಿಧಾನ ಮಾಡಿ ದಾಟಿಸುತ್ತದೆ. ಶಬ್ದ ಇತ್ತೀಚೆಗೆ ಹೆಚ್ಚಿದ್ದರೆ ಆಕ್ಸಲ್ ಸ್ಪ್ಲೈನ್ ನೋಡಿಸಿ.

ಅಡೂರಿನ ಜೀಪು
ಶ್ಯಾಕಲ್ ಗಿಡ್ಡ ಮಾಡಿಸಿದೆ. ಗ್ಯಾರೇಜಿನ ಅಣ್ಣ ಸೈಲೆನ್ಸರಿಗೆ ಹೊಸ ಹ್ಯಾಂಗರ್ ಬೆಸುಗೆ ಹಾಕಿ ಮೇಲಕ್ಕೆ ಕಟ್ಟಿಕೊಟ್ಟರು. ಈಗ ಕೋನ ಮುಂದೆ 6, ಹಿಂದೆ 5. ಖಾಲಿ ಗಾಡಿಯಲ್ಲೂ 45ರಲ್ಲಿ ಏನೂ ಇಲ್ಲ. ಬದಲಿಸಿದ ಕ್ರಾಸ್, ಬ್ಯಾಲೆನ್ಸ್ ಎಲ್ಲ ದಂಡ. ಇನ್ನೊಂದು: ನ್ಯೂಟ್ರಲ್‌ನಲ್ಲಿ ನಿಂತಾಗ ಕಟಕಟ ಎನ್ನುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಮೊದಲೂ ಇತ್ತು.

ಪೊವ್ವಲ್ ಮೆಕ್ಯಾನಿಕಲ್
6 ಮತ್ತು 5ಕ್ಕೆ ಉಳಿಯುವ ಕೋನ 3.3, ವೇಗೋತ್ಕರ್ಷ 80ರ ಹತ್ತಿರ.

ಬಾಯಾರು ಟೆಸ್ಟ್ ಬೆಂಚ್
ಕಟಕಟಕ್ಕೂ ಶಾಫ್ಟಿಗೂ ಸಂಬಂಧವಿಲ್ಲ. ಐಡಲ್ ವೇಗದಲ್ಲಿ ಫ್ಲೈವೀಲ್ ಓಲಾಡುವುದನ್ನು ಕ್ಲಚ್ ಪ್ಲೇಟಿನ ಮೆತ್ತನೆಯ ಹಂತದ ಸ್ಪ್ರಿಂಗು ತಡೆಯಬೇಕು. ಅದು ಸೋತಿರಬಹುದು, ಇಲ್ಲವೇ ಹಾಕಿಸಿದ ಪ್ಲೇಟಿನಲ್ಲಿ ಆ ಹಂತವೇ ಇಲ್ಲದಿರಬಹುದು. ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿದ್ದರೂ ಕ್ಲಚ್ ಒತ್ತಿದಾಗ ನಿಲ್ಲುತ್ತದೆ, ಆದರೆ ಆ ಶಬ್ದ ಕಟಕಟ ಅಲ್ಲ, ಉಜ್ಜಿದ ಹಾಗೆ ಇರುತ್ತದೆ. ಕ್ಲಚ್ ಹೇಗೂ ಬದಲಿಸುವ ದಿನ ಬರುತ್ತದೆ, ಆಗ ನೋಡಿದರಾಯಿತು.

ಉಪ್ಪಳ ಟಿಪ್ಪರ್
ನನ್ನದಕ್ಕೂ ಉತ್ತರ ಕೊಡಿ. ಹೆದ್ದಾರಿ ಕೆಲಸಕ್ಕೆ ಮಣ್ಣು ತುಂಬಿ ಫಸ್ಟ್ ಗೇರಿನಲ್ಲಿ ಏರು ಹತ್ತಿಸುವಾಗ ಮೊದಲ ಹತ್ತಿಪ್ಪತ್ತು ಮೀಟರ್ ಇಡೀ ಗಾಡಿ ಗಡಗಡ ನಡುಗಿ ಆಮೇಲೆ ಸರಿಯಾಗುತ್ತದೆ. ಇದರಲ್ಲಿ ಸೆಂಟರ್ ಬೇರಿಂಗ್ ಇದೆ, ಹೊಸದು ಹಾಕಿಸಿಯೂ ಆಗಿದೆ.

ಬಾಯಾರು ಟೆಸ್ಟ್ ಬೆಂಚ್
ಶಾಫ್ಟ್ ನಿಧಾನ, ಟಾರ್ಕ್ ಗರಿಷ್ಠ. ಇಲ್ಲಿ ವೇಗೋತ್ಕರ್ಷದ ಲೆಕ್ಕ ಬರುವುದಿಲ್ಲ, ಜಾಯಿಂಟಿನ ಬಾಗಿಸುವ ಟಾರ್ಕ್ ಸೆಂಟರ್ ಬೇರಿಂಗಿನ ರಬ್ಬರನ್ನು ಸುತ್ತಿಗೆ ಎರಡು ಬಾರಿ ಒದೆಯುತ್ತದೆ. ಬೇರಿಂಗ್ ಹೊಸದಾದರೂ ಅದರ ಬ್ರ್ಯಾಕೆಟ್ ಎತ್ತರ ತಪ್ಪಿದ್ದರೆ ಅದೇ ಕಥೆ. ಹಿಂದಿನ ಪ್ಲೇಟುಗಳ ಸಂಖ್ಯೆ ಹೆಚ್ಚಿಸಿದ್ದೀರಾ?

ಉಪ್ಪಳ ಟಿಪ್ಪರ್
ಹೆಚ್ಚಿಸಿದ್ದೇವೆ. ಎರಡು.

ಪೆರ್ಲದ ಗ್ಯಾರೇಜ್
ಬ್ರ್ಯಾಕೆಟ್ಟಿನ ಕೆಳಗೆ ವಾಷರ್ ಏನಾದರೂ ಇತ್ತೇ ಎಂದು ಬೇರಿಂಗ್ ಹಾಕಿದವರನ್ನು ಕೇಳಿ. ಬಿಚ್ಚುವಾಗ ಬಿದ್ದದ್ದನ್ನು ಯಾರೂ ಹುಡುಕುವುದಿಲ್ಲ. ಕೋನ ಖಾಲಿಯಲ್ಲೂ ಲೋಡಿನಲ್ಲೂ ಅಳೆದು ಇಲ್ಲಿ ಹಾಕಿ, ಮೂರು ಜಾಯಿಂಟಿನದೂ.